ಕೆಡದ ಕಾರಿಗೊಂದು ಗ್ಯಾರೇಜು

ಇಲ್ಲ ಸ್ವಾಮಿ, ಆ ಜಪಾನ್ ಕಂಪನಿಯವರು ನನಗೆ ಕಮಿಷನ್ ಕೊಡಲ್ಲ. ನೀವು ಕೇಳಿಲ್ಲ, ಗೊತ್ತು. ಆದ್ರೆ ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ ಅಂತ ಯಾರಾದ್ರೂ ಅಂದ್ರೆ ನಾನು ಯೋಚ್ನೆ ಮಾಡ್ದೆ ಅದೇ ಹೆಸರು ಹೇಳ್ತೀನಿ, ಆಗ ಎದುರಿಗಿರೋರು ನನ್ನನ್ನ ಒಂಥರಾ ನೋಡ್ತಾರೆ. ಆ ನೋಟಕ್ಕೆ ಈ ಉತ್ತರ. ಆ ಕಂಪನಿಯಿಂದ ನನಗೆ ಲಾಭ ಹಾಗಿರಲಿ, ಇದ್ದ ಕೆಲಸಕ್ಕೇ ಕುತ್ತು ಬಂತು. ಕಾರು ಕೆಟ್ಟು ಅಲ್ಲ. ಕೆಡದೆ.

ತೊಂಬತ್ತರ ದಶಕದ ಕೊನೆ. ಬೆಂಗಳೂರಿಂದ ಲಂಡನ್ನಿಗೆ ಕಂಪ್ಯೂಟರ್ ಓದೋಕೆ ಬಂದ ನಾನು ಎರಡನೇ ಟರ್ಮಿಗೇ ಕಾಲೇಜಿಗೆ ದೊಡ್ಡ ನಮಸ್ಕಾರ ಹಾಕಿ, ಗ್ರೀನ್‌ಫರ್ಡ್‌ನ ಒಂದು ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡ್ಕೊಂಡಿದ್ದೆ. ಗ್ಯಾರೇಜಿನ ಧಣಿಯ ಮನೆಯ ಸಣ್ಣ ರೂಮಲ್ಲೇ ವಾಸ. ಧಣಿ ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಅವರ ಹೆಂಡತಿ ಆಫೀಸ್ ನೋಡ್ಕೊಳ್ತಿದ್ರು, ನಾನು ಆಂಟಿ ಅಂತಿದ್ದೆ. ಗಂಡ ಹೆಂಡತಿ ಪ್ರೀತಿಯ ಮಾತೆಲ್ಲ ಕೊಂಕಣಿಯಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಸಾಕ್ಷಿಗೆ ನಾನು ಬೇಕಲ್ಲ.

ಧಣಿ ಗ್ಯಾರೇಜಿನ ಮೇಲೆ ದೊಡ್ಡದಾಗಿ ಬೋರ್ಡ್ ಹಾಕ್ಸಿದ್ರು: ಆ ಒಂದು ಜಪಾನ್ ಕಂಪನಿಯ ಕಾರು ಮಾತ್ರ ರಿಪೇರಿ ಮಾಡ್ತೀವಿ ಅಂತ. "ಲಂಡನ್ನಿನಲ್ಲಿ ನಮ್ಮ ಜನ ಎಲ್ಲ ಅದೇ ಕಾರು ತಗೊಳ್ಳುದು ಮಾರಾಯ. ಇನ್ನು ಗಿರಾಕಿಗೆ ಎಂಥ ಬರ?" ಲೆಕ್ಕ ಸರಿಯಾಗೇ ಇತ್ತು. ನಮ್ಮ ಜನ ಎಲ್ಲ ಅದೇ ಕಾರು ತಗೊಂಡ್ರು. ತಗೊಂಡು ಸುಮ್ನೆ ಓಡಿಸ್ತಾ ಇದ್ರು. ವರ್ಷಕ್ಕೊಂದ್ಸಲ ಆಯಿಲ್ ಬದಲಾಯಿಸೋಕೆ ಬಂದು, ಆಂಟಿ ಕೊಟ್ಟ ಟೀ ಕುಡಿದು, ಊರ ಸುದ್ದಿ ಹೇಳಿ ಹೋಗೋರು. ಬಾಡಿಗೆ ಕಟ್ಟಡದ ಲೀಸ್ ಮುಗಿಯೋ ಹೊತ್ತಿಗೆ ಗ್ಯಾರೇಜು ಇರ್ತದಾ ಇಲ್ವಾ ಅನ್ನೋದು ಆಂಟಿಯ ಚಿಂತೆ. ಕೆಲಸ ಇಲ್ಲದ ಗ್ಯಾರೇಜಲ್ಲಿ ಬೇರೆ ಏನು ನಡೆಯತ್ತೆ? ಮುಂದೆ ಹೇಳೋ ಇಂಥವೇ ನಡೀತವೆ.

ಮಗ್ಗದವರ ಕಾರು

ಧಣಿಗೆ ಆ ಕಂಪನಿ ಮೇಲೆ ಯಾಕೆ ಇಷ್ಟು ಭಕ್ತಿ ಅನ್ನೋದು ನನಗೆ ಮೊದಲಿಂದ ಕುತೂಹಲ. ಒಂದಿನ ಕೇಳೇಬಿಟ್ಟೆ.

"ಅವರು ಮೊದಲು ಕಾರು ಮಾಡ್ತಾ ಇರ್ಲಿಲ್ಲ ಮಾರಾಯ. ಮಗ್ಗ ಮಾಡ್ತಾ ಇದ್ದದ್ದು," ಅಂದ್ರು.

ಧಣಿಯ ಅಪ್ಪ ಊರಲ್ಲಿ ಕೈಮಗ್ಗದ ಕಾರ್ಖಾನೆಯಲ್ಲಿ ದುಡಿದವರಂತೆ. ಅಲ್ಲಿಗೆ ಮುಗೀತು, ಕಂಪನಿ ನೆಂಟರ ಕಂಪನಿ ಆಗೋಯ್ತು. ಆ ಜಪಾನಿನ ಯಜಮಾನ ಒಂದು ಮಗ್ಗ ಕಂಡುಹಿಡಿದಿದ್ದನಂತೆ: ಒಂದು ನೂಲು ತುಂಡಾದ್ರೆ ಮಗ್ಗ ತಾನೇ ನಿಲ್ತಿತ್ತು, ಬಟ್ಟೆ ಹಾಳಾಗ್ತಾ ಇರ್ಲಿಲ್ಲ. ಅದರ ಹಕ್ಕನ್ನ ಇಂಗ್ಲೆಂಡಿನ ಒಂದು ಕಂಪನಿಗೆ ಮಾರಿ, ಆ ದುಡ್ಡಲ್ಲೇ ಮಗ ಕಾರಿನ ಕೆಲಸ ಶುರು ಮಾಡ್ದ ಅಂತ ಹೇಳ್ತಾರೆ.

ಪಕ್ಕದ ಯೂನಿಟ್ಟಲ್ಲಿ ಟೈರ್ ಮಾರೋ ಇಂಗ್ಲಿಷ್ ಅಜ್ಜ ಆವತ್ತು ನಮ್ಮ ಜೊತೆ ಟೀ ಕುಡೀತಾ ಕೂತಿದ್ದ, ಧಣಿಯ ಮಾತನ್ನ ಅವನಿಗೆ ನಾನು ಇಂಗ್ಲಿಷಲ್ಲಿ ಹೇಳ್ತಿದ್ದೆ. ವಯಸ್ಸಲ್ಲಿ ಇಲ್ಲಿನ ಕಾರ್ ಫ್ಯಾಕ್ಟರಿಯಲ್ಲಿ ದುಡಿದಿದ್ದವನು. ಜಪಾನ್ ಕಾರು ಮೊದಲು ಈ ದೇಶಕ್ಕೆ ಬಂದಾಗ ಅವರೆಲ್ಲ ಬಿದ್ದು ಬಿದ್ದು ನಕ್ಕಿದ್ರಂತೆ, ಬಿಸ್ಕೆಟ್ ಡಬ್ಬಕ್ಕೆ ಚಕ್ರ ಹಾಕಿದಾರೆ, ಎರಡು ಚಳಿಗಾಲಕ್ಕೆ ತುಕ್ಕು ಹಿಡಿಯತ್ತೆ ಅಂತ.

"ಅಂದ್ರೆ ನಮ್ಮ ಫ್ಯಾಕ್ಟರಿ ಮುಚ್ಚಿಸಿದ ಕಾರಿಗೆ ಬಂಡವಾಳ ಹಾಕಿದ್ದೂ ನಾವೇನಾ?" ಅಂದ.

ಧಣಿ ಸಮಾಧಾನ ಮಾಡೋ ಥರ ಇನ್ನೊಂದು ಹೇಳಿದ್ರು. "ಅವರ ಫ್ಯಾಕ್ಟರಿಯಲ್ಲಿ ಎಂಥ ಉಂಟು ಗೊತ್ತುಂಟಾ? ತಲೆ ಮೇಲೊಂದು ಹಗ್ಗ. ಸಣ್ಣ ತಪ್ಪು ಕಂಡ್ರೆ ಯಾವ ಕೆಲಸದವ ಬೇಕಾದ್ರೂ ಹಗ್ಗ ಎಳೆದು ಕಾರು ಜೋಡಿಸುವ ಇಡೀ ಲೈನ್ ನಿಲ್ಲಿಸಬಹುದು. ಧಣಿಯನ್ನ ಕೇಳುದು ಬೇಡ."

ಅಜ್ಜ ಬಿಸ್ಕೆಟ್ಟನ್ನ ಟೀಯಲ್ಲಿ ಅದ್ದಿ ನಿಧಾನಕ್ಕೆ ಹೇಳ್ದ. "ಇದೇನು ಮಹಾ. ನಾವೂ ಧಣಿಯನ್ನ ಕೇಳದೆ ಲೈನ್ ನಿಲ್ಲಿಸ್ತಿದ್ವಿ. ಹಗ್ಗ ಇರ್ಲಿಲ್ಲ, ಯೂನಿಯನ್ ಇತ್ತು. ಒಂದ್ಸಲ ನಿಲ್ಸಿದ್ರೆ ವಾರಗಟ್ಟಲೆ."

ಮೂಲ ಕಾರಣ

ಆ ಕಂಪನಿಯ ಇನ್ನೊಂದು ಪದ್ಧತಿ ಧಣಿ ಎಲ್ಲೋ ಓದ್ಕೊಂಡು ಬಂದ್ರು. ಏನೇ ತಪ್ಪು ನಡೆದ್ರೂ ಬೈಯಬಾರದಂತೆ. ಐದು ಸಲ "ಯಾಕೆ" ಅಂತ ಕೇಳಬೇಕಂತೆ. ಐದನೇದಕ್ಕೆ ಮೂಲ ಕಾರಣ ಸಿಗತ್ತಂತೆ. ಮಾರನೇ ದಿನ ನಾನು ಲೇಟು. ಧಣಿ ಬಾಗಿಲಲ್ಲೇ ಕಾಯ್ತಾ ಇದ್ರು, ಮುಖದಲ್ಲಿ ವಿಜ್ಞಾನಿ ಕಳೆ.

"ಯಾಕೆ ಲೇಟು?"

"ಬಸ್ ತಪ್ಪೋಯ್ತು."

"ಬಸ್ ಯಾಕೆ ತಪ್ಪಿತು?"

"ಎದ್ದಿದ್ದು ತಡ ಆಯ್ತು."

"ಯಾಕೆ ತಡ?"

"ಬೆಳಗಿನ ಜಾವದವರೆಗೂ ನಿದ್ದೆ ಬರ್ಲಿಲ್ಲ."

"ಯಾಕೆ ಬರ್ಲಿಲ್ಲ?" ಆಂಟಿ ಪಕ್ಕಕ್ಕೆ ಬಂದು ನಿಂತ್ರು. ಅವರಿಗೂ ಆಸಕ್ತಿ ಬಂದಿತ್ತು.

"ಪಕ್ಕದ ರೂಮಲ್ಲಿ ಒಬ್ರು ಗೊರಕೆ ಹೊಡೀತಿದ್ರು, ಗೋಡೆ ಅದುರೋ ಹಾಗೆ."

ಐದನೇ "ಯಾಕೆ" ಧಣಿಯ ಬಾಯಿಗೆ ಬಂದು ಹಾಗೇ ವಾಪಸ್ ಹೋಯ್ತು. ಆಂಟಿ ಮಾತ್ರ ಬಿಡ್ಲಿಲ್ಲ. "ಕೇಳಿ ಮಾರಾಯ್ರೆ, ಕೇಳಿ. ಇನ್ನೊಂದು ಉಂಟಲ್ಲ."

ಆವತ್ತಿಂದ ನಮ್ಮ ಗ್ಯಾರೇಜಲ್ಲಿ ಮತ್ತೆ ಬೈಗುಳದ ಪದ್ಧತಿಯೇ ಜಾರಿಗೆ ಬಂತು.

ಬಂಗುಡೆ ವಾಸನೆ

ಒಂದು ಸೋಮವಾರ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಸಾಹೇಬರು ಕಾರು ತಂದು ನಿಲ್ಲಿಸಿ, "ಗಾಡಿಯಲ್ಲಿ ಕಂಪ್ಲೇಂಟ್ ಇದೆ," ಅಂದ್ರು. ಕಂಪ್ಲೇಂಟ್ ಅನ್ನೋ ಮಾತು ಕೇಳಿ ಎಷ್ಟು ಕಾಲ ಆಗಿತ್ತೋ. ಆಂಟಿ ಟೀಗೆ ಏಲಕ್ಕಿ ಹಾಕಿದ್ರು. ಧಣಿ ಕೈಗೆ ಹೊಸ ಗ್ಲೌಸ್ ಏರಿಸಿದ್ರು.

"ಏನು ಕಂಪ್ಲೇಂಟ್ ಸಾರ್?"

"ಮೀನಿನ ವಾಸನೆ. ನಾವು ಮನೆಯಲ್ಲಿ ಈರುಳ್ಳಿನೇ ಯೋಚ್ನೆ ಮಾಡಿ ತಿನ್ನೋರು. ಎಸಿ ಹಾಕಿದ್ರೆ ಬಂಗುಡೆ ವಾಸನೆ ಬರತ್ತೆ."

ಬಂಗುಡೆಯೇ ಅಂತ ಅಷ್ಟು ನಿಖರವಾಗಿ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಬೇಕು ಅನ್ನಿಸ್ತು. ಕೇಳ್ಲಿಲ್ಲ. ಬಗ್ಗಿ ಒಳಗೆ ನೋಡಿದ್ರೆ ಕನ್ನಡಿಗೆ ಜಪಮಾಲೆ ನೇತಾಡ್ತಿದೆ, ತುದಿಯಲ್ಲಿ ಶಿಲುಬೆ. ಆಂಟಿ ಅದನ್ನ ನೋಡಿದವರೇ, "ಇದು ಎಜ್‌ವೇರಿನವರ ಗಾಡಿ. ನಮ್ಮ ಚರ್ಚಿಗೆ ಬರ್ತಾರಲ್ಲ, ಅವರದ್ದು," ಅಂದ್ರು.

ಆಗಿದ್ದೇನಂದ್ರೆ, ಎಂಟು ದಿನದ ಹಿಂದೆ ಕಿಂಗ್ಸ್‌ಬರಿಯ ಒಂದು ಸ್ಕೂಲ್ ಹಾಲಲ್ಲಿ ಕನ್ನಡದವರ ಕಾರ್ಯಕ್ರಮ. ಕಾರ್ ಪಾರ್ಕಿನ ತುಂಬ ಅದೇ ಕಂಪನಿಯ ಅದೇ ಬೆಳ್ಳಿ ಬಣ್ಣದ ಗಾಡಿಗಳು. ಹಳೇ ಗಾಡಿ, ಕೀ ಸವೆದಿತ್ತು, ಪಕ್ಕದ ಗಾಡಿಗೂ ತಿರುಗಿಬಿಡ್ತು. ಸಾಹೇಬರು ಎಜ್‌ವೇರಿನವರ ಗಾಡಿ ಹತ್ತಿದ್ರು. ಅವರು ಇವರದನ್ನ ಹತ್ತಿದ್ರು.

"ನಂಬರ್ ಪ್ಲೇಟ್ ನೋಡ್ಲಿಲ್ವಾ ಸಾರ್?" ಅಂದೆ.

"ಯಾಕ್ರೀ ನೋಡ್ಲಿ? ನಾನೇನು ಕಾರಿನ ಹಿಂದೆ ನಿಂತ್ಕೊಂಡು ಓಡಿಸ್ತೀನಾ?"

"ಜಪಮಾಲೆ?"

"ಮಗಳನ್ನ ಕ್ಯಾಥೊಲಿಕ್ ಸ್ಕೂಲಿಗೆ ಹಾಕಿದೀವಿ. ಅವಳೇ ತಂದು ಹಾಕಿರ್ಬೇಕು ಅಂದ್ಕೊಂಡೆ."

ಆಂಟಿ ಫೋನ್ ಮಾಡಿ ಎಜ್‌ವೇರಿನವರನ್ನ ಕರೆಸಿದ್ರು. ಅವರು ಬಂದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಕೂತಿದ್ದ. ಪಕ್ಕದ ಮನೆ ಗುಜರಾತಿಗಳು ಪ್ರಸಾದದ ಜೊತೆ ಕೊಟ್ಟಿರ್ಬೇಕು, ಹೆಂಡತಿ ಬೇಡ ಅನ್ನೋಕಾಗದೆ ಇಟ್ಟಿದಾಳೆ ಅಂದ್ಕೊಂಡಿದ್ರಂತೆ. ಬೆಳಿಗ್ಗೆ ಬೆಳಿಗ್ಗೆ ಒಂದು ಊದುಬತ್ತಿ ವಾಸನೆ ಬರ್ತಿತ್ತು, ಅದನ್ನೂ ಸಹಿಸ್ಕೊಂಡಿದ್ರಂತೆ. ಇಬ್ಬರೂ ಕೈ ಕುಲುಕಿ, ನಕ್ಕು, ಗಾಡಿ ಬದಲಾಯಿಸ್ಕೊಂಡು ಹೋದ್ರು. ನಮಗೆ ಸಿಕ್ಕಿದ್ದು ತೊಳೆಯೋಕೆ ನಾಲ್ಕು ಟೀ ಲೋಟ.

ಎರಡು ದಿನ ಬಿಟ್ಟು ಸಾಫ್ಟ್‌ವೇರ್ ಸಾಹೇಬರ ಫೋನು. "ಆ ಎಜ್‌ವೇರಿನವರ ಗಾಡಿ ನಮ್ಮದಕ್ಕಿಂತ ಸ್ವಲ್ಪ ಸ್ಮೂತಾಗಿತ್ತು ಕಣ್ರೀ. ಮಾರ್ತಾರಾ ಕೇಳಿ ನೋಡಿ. ವಾಸನೆಗೆ ಹೇಗೂ ಅಡ್ಜಸ್ಟ್ ಆಗೋಗಿದೀವಿ."

ಫಾದರ್‌ಗೊಂದು ದೂರು

ಧಣಿಯ ಚರ್ಚಲ್ಲಿ ವರ್ಷಕ್ಕೊಂದ್ಸಲ ಗಾಡಿಗಳಿಗೆ ಆಶೀರ್ವಾದ. ಭಾನುವಾರದ ಪೂಜೆ ಮುಗಿದ್ಮೇಲೆ ಎಲ್ಲರೂ ಅಂಗಳದಲ್ಲಿ ಕಾರು ಸಾಲಾಗಿ ನಿಲ್ಲಿಸ್ತಾರೆ, ಊರ ಕಡೆಯ ಫಾದರ್ ಬಂದು ಒಂದೊಂದಕ್ಕೂ ಪವಿತ್ರ ನೀರು ಚಿಮುಕಿಸ್ತಾರೆ, ದಾರಿಯಲ್ಲಿ ಕೆಡದಿರಲಿ, ಅಪಘಾತ ಆಗದಿರಲಿ ಅಂತ. ನಾನು ಬಿಟ್ಟಿ ಊಟಕ್ಕೆ ಹೋಗಿದ್ದೆ.

ಸಾಲು ನೋಡಿದೆ. ಹೆಚ್ಚುಕಮ್ಮಿ ಎಲ್ಲ ನಮ್ಮ ಕಂಪನಿ ಗಾಡಿಗಳೇ. ಆಂಟಿನೂ ನೋಡಿದ್ರು. ಸೀದಾ ಹೋಗಿ ಫಾದರ್ ಮುಂದೆ ನಿಂತ್ರು. ಫಾದರ್‌ಗೂ ಮನೆಮಾತು ಕೊಂಕಣಿ. ಆಂಟಿ ಕನ್ನಡದಲ್ಲಿ ಶುರು ಮಾಡಿದ್ರು, ಅಲ್ಲಿಗೆ ಇದು ಜಗಳ ಅಂತ ನನಗೆ ಗೊತ್ತಾಗೋಯ್ತು.

"ಫಾದರ್, ಈ ಗಾಡಿಗಳಿಗೆ ನೀರು ಹಾಕುದು ಬೇಡ."

"ಯಾಕಮ್ಮ?"

"ನಮ್ಮ ಗ್ಯಾರೇಜು ಇರುದು ಈ ಗಾಡಿಯ ಮೇಲೆ. ಇವು ಮೊದಲೇ ಕೆಡುದಿಲ್ಲ. ನೀವು ಬೇರೆ ಪ್ರತಿ ವರ್ಷ ನೀರು ಹಾಕ್ತೀರಿ. ನಾವು ಬದುಕುದು ಹೇಗೆ?"

ಫಾದರ್ ಗಂಭೀರ ಆದ್ರು. "ಇನ್ನೊಬ್ಬರ ಗಾಡಿ ಕೆಡ್ಲಿ ಅಂತ ಬಯಸುದು ಪಾಪ ಅಲ್ವಾ ಅಮ್ಮ?"

"ಕೆಡ್ಲಿ ಅಂತ ನಾನು ಹೇಳ್ಲಿಲ್ಲ ಫಾದರ್. ಜಪಾನಿನವರು ಅವರ ಕೆಲಸ ಸರಿಯಾಗಿ ಮಾಡಿದ್ದಾರೆ. ಅದರ ಮೇಲೆ ನೀವು ಪುನಃ ಮಾಡುದು ಬೇಡ ಅಂತ ಅಷ್ಟೆ. ಆ ಕೊನೆಯಲ್ಲಿ ಒಂದು ಫ್ರೆಂಚ್ ಗಾಡಿ ಉಂಟು. ಬೇಕಾದ್ರೆ ಇಡೀ ಬಕೆಟ್ ಅದಕ್ಕೇ ಹಾಕಿ."

ಫಾದರ್ ಸಾಲಿನ ಕಡೆ ತಿರುಗಿದ್ರು. "ನಿಮ್ಮ ಗಾಡಿ ಯಾವುದು?"

ಆಂಟಿ ಬೆರಳು ತೋರಿಸಿದ್ರು. ಅದೇ ಕಂಪನಿದು, ಸಾಲಲ್ಲಿ ಮೊದಲನೇದು.

"ಅದಕ್ಕೆ ಹಾಕ್ಬೇಕಾ, ಬೇಡ್ವಾ?"

ಆಂಟಿ ಗಾಡಿ ನೋಡಿದ್ರು, ಪವಿತ್ರ ನೀರಿನ ಬಕೆಟ್ ನೋಡಿದ್ರು. "ಅದಕ್ಕೆ ಸ್ವಲ್ಪ ಹಾಕಿ."

ಹೊತ್ತು ತಂದ ಜರ್ಮನ್ ಗಾಡಿ

ಲೀಸ್ ಮುಗಿಯೋ ವಾರ ಬಂತು. ಕಟ್ಟಡದ ಓನರ್ ಉತ್ತರ ಕೇಳ್ತಾ ಇದ್ದ, ಮುಂದುವರಿಸ್ತೀರಾ, ಖಾಲಿ ಮಾಡ್ತೀರಾ ಅಂತ. ಆಂಟಿ ಒಂದೇ ಮಾತು ಹೇಳಿದ್ರು. "ಕೆಡುವ ಜರ್ಮನ್ ಗಾಡಿಯನ್ನೂ ರಿಪೇರಿಗೆ ತಗೊಳ್ತೀರಾದ್ರೆ ಗ್ಯಾರೇಜ್. ಇಲ್ಲದಿದ್ರೆ ನಾನೇ ಹೋಗಿ ಓನರಿಗೆ ಕೀ ಕೊಡ್ತೇನೆ."

ಧಣಿ ಎರಡು ದಿನ ಮಾತು ಬಿಟ್ರು. ಮೂರನೇ ದಿನ ತಾವೇ ಏಣಿ ಹತ್ತಿ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದು, "ಎಲ್ಲ ಕಾರು" ಅಂತ ಬರೆದ್ರು. ಇಳಿದು ಬಂದು, ಸಾವಿನ ಮನೆಯಿಂದ ಬಂದವರ ಹಾಗೆ ಕೈ ತೊಳ್ಕೊಂಡ್ರು.

ನಮ್ಮ ಅದೃಷ್ಟಕ್ಕೆ ಮಾರನೇ ದಿನವೇ ಒಂದು ಜರ್ಮನ್ ಗಾಡಿ ಬಂತು. ಓಡ್ಕೊಂಡು ಅಲ್ಲ, ಲಾರಿ ಮೇಲೆ. ಜೊತೆಗೆ ಅದರ ಯಜಮಾನರು, ಬ್ಯಾಂಕಲ್ಲಿ ಕೆಲಸ ಮಾಡೋ ಮೈಸೂರಿನವರು, ಒಳ್ಳೆ ಸೂಟು, ಅಳು ಮುಖ. ಗೇರ್‌ಬಾಕ್ಸ್ ಹೋಗಿತ್ತು. ಕೆಳಗಡೆ ಆಯಿಲ್ ಸೋರ್ತಿತ್ತು. ಡ್ಯಾಶ್‌ಬೋರ್ಡಲ್ಲಿ ದೀಪಾವಳಿ. ಆಂಟಿ ನನ್ನ ಕಡೆ ನೋಡಿದ್ರು. ಇದೊಂದು ಗಾಡಿ ಸಾಕು, ಗ್ಯಾರೇಜು ಉಳೀತು ಅಂತ ಆ ಕಣ್ಣಲ್ಲೇ ಇತ್ತು.

ಧಣಿ ಬಾನೆಟ್ ಎತ್ತಿ ತುಂಬ ಹೊತ್ತು ನೋಡಿದ್ರು.

"ರಿಪೇರಿ ಆಗತ್ತಾ?" ಮೈಸೂರಿನವರು ಕೇಳಿದ್ರು. "ಎಷ್ಟಾದ್ರೂ ಪರವಾಗಿಲ್ಲ."

ಎಷ್ಟಾದ್ರೂ ಪರವಾಗಿಲ್ಲ. ಆಂಟಿ ಕುರ್ಚಿ ಹಿಡ್ಕೊಂಡ್ರು.

"ಆಗ್ತದೆ," ಅಂದ್ರು ಧಣಿ. ನಮ್ಮಿಬ್ಬರಿಗೂ ಉಸಿರು ಬಂತು. "ಆದ್ರೆ ನಿಮ್ಮನ್ನ ನೋಡಿದ್ರೆ ಪಾಪ ಅನ್ನಿಸ್ತದೆ. ಇವತ್ತು ಗೇರ್‌ಬಾಕ್ಸ್ ಹಾಕ್ತೇನೆ. ನಾಳೆ ಬೇರೆ ಎಂಥದೋ ಹೋಗ್ತದೆ. ಪುನಃ ಬರ್ತೀರಿ."

ಆಂಟಿ ಕೆಮ್ಮಿದ್ರು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಬೇಕಂತಲೇ ಕೆಳಗೆ ಬೀಳಿಸ್ದೆ. ಧಣಿಗೆ ಯಾವುದೂ ಕೇಳಿಸ್ಲಿಲ್ಲ. ಮುಖದ ಮೇಲೆ ಬೆಳಕು ಬಂದುಬಿಟ್ಟಿತ್ತು.

"ನೀವು ಕೂತ್ಕೊಳ್ಳಿ. ಜಪಾನಿನಲ್ಲಿ ಒಂದು ಕಂಪನಿ ಉಂಟು. ಅವರು ಮೊದಲು ಮಗ್ಗ ಮಾಡ್ತಾ ಇದ್ದದ್ದು..."

ಅರ್ಧ ಗಂಟೆ. ನೂಲು ತುಂಡಾಯ್ತು, ಮಗ್ಗ ನಿಂತಿತು, ಹಗ್ಗ ಎಳೆದ್ರು, ಎಲ್ಲ ಆಯ್ತು. ಮೈಸೂರಿನವರ ಕಣ್ಣು ಒದ್ದೆ. "ಲಂಡನ್ನಲ್ಲಿ ಇಷ್ಟು ಪ್ರಾಮಾಣಿಕ ಮೆಕ್ಯಾನಿಕ್ಕನ್ನ ನಾನು ನೋಡೇ ಇರ್ಲಿಲ್ಲ ಸಾರ್. ಇದನ್ನ ಇವತ್ತೇ ಗುಜರಿಗೆ ಹಾಕಿ ಅದನ್ನೇ ತಗೊಳ್ತೀನಿ." ಎರಡೂ ಕೈ ಹಿಡಿದು ಕುಲುಕಿದ್ರು. ಹೋಗ್ತಾ ತಿರುಗಿ ಒಂದು ಮಾತು ಕೇಳಿದ್ರು. "ಅಂದ್ರೆ ಇನ್ನು ನಾನು ಇಲ್ಲಿಗೆ ಬರೋ ಪ್ರಮೇಯನೇ ಇರಲ್ಲ, ಅಲ್ವಾ?"

"ಜೀವಮಾನದಲ್ಲಿ ಇಲ್ಲ," ಅಂದ್ರು ಧಣಿ, ಎದೆ ಉಬ್ಬಿಸಿ.

ಲಾರಿ ಗಾಡಿಯನ್ನ ಹೊತ್ಕೊಂಡು ಹೋಯ್ತು. ಆಂಟಿ ಹಿಡಿದಿದ್ದ ಕುರ್ಚಿ ಬಿಟ್ರು. ಕೋಟು ಹಾಕ್ಕೊಂಡ್ರು. ಗ್ಯಾರೇಜಿನ ಕೀ ಗೊಂಚಲನ್ನ ಕೈಚೀಲಕ್ಕೆ ಹಾಕ್ಕೊಂಡ್ರು.

"ಎಲ್ಲಿಗೆ?" ಅಂದ್ರು ಧಣಿ.

"ಓನರ್ ಹತ್ರ."

ಧಣಿಗೆ ಅರ್ಥ ಆಯ್ತು. ಮೆತ್ತಗೆ ಅಂದ್ರು. "ನಡ್ಕೊಂಡು ಹೋಗ್ಬೇಡ ಮಾರಾಯ್ತಿ. ನಮ್ಮ ಗಾಡಿ ತಗೊಂಡು ಹೋಗು."

"ಬೇಡ, ಬಸ್ಸಲ್ಲಿ ಹೋಗ್ತೇನೆ," ಅಂದ್ರು ಆಂಟಿ. "ಅದಾದ್ರೂ ಆಗೊಮ್ಮೆ ಈಗೊಮ್ಮೆ ಕೆಡ್ತದೆ."

ಹೊರಗೆ ಹೋಗಿ ಬಾಗಿಲು ಎಳ್ಕೊಂಡ್ರು.