ಹೊರಟಿದ್ದು ಹದಿನಾಲ್ಕು ಜನ

ಐದು ದೇಶ ದಾರಿ ತಪ್ಪದೆ ಸುತ್ತಿದವಳು ನಾನು. ಆದರೆ ನನ್ನ ಬೆನ್ನ ಹಿಂದೆ ಬಂದವರು ಮಾತ್ರ ಒಂದು ಬೀದಿ ದಾಟುವಷ್ಟರಲ್ಲಿ ಮಾಯವಾಗುತ್ತಾರೆ, ಪ್ರತೀ ಸಲ. ಒಂದೂರಲ್ಲಿ ಎರಡು ವರ್ಷ ಕೂತರೆ ನನ್ನ ಕಾಲು ಸುಮ್ಮನಿರೋಲ್ಲ. ಆಸ್ಟ್ರೇಲಿಯಾದಲ್ಲೂ ಊರು ಬದಲಿಸುತ್ತಲೇ ಇದ್ದೇನೆ. ಹೋದಲ್ಲೆಲ್ಲ ನಮ್ಮ ಕನ್ನಡದವರನ್ನು ಕಟ್ಟಿಕೊಂಡು ಬಡಾವಣೆ ತೋರಿಸುವ ನಡಿಗೆಗೆ ಗೈಡ್ ಆಗುತ್ತೇನೆ. ಸಂಬಳವಿಲ್ಲದ ಕೆಲಸ, ಆದರೂ ನನಗೆ ಪ್ರಾಣ. ನಿಯಮ ಒಂದೇ: ಹೊರಟವರೆಲ್ಲ ಕೊನೆ ಮುಟ್ಟಬೇಕು. ಅದೊಂದು ನನ್ನ ಕೈಲಿ ಆಗುತ್ತಿರಲಿಲ್ಲ.

೧. ರುಚಿ ನೋಡಿದ ಕಂಬ

ಪರ್ತ್ ಸಿಟಿಯ ನಡಿಗೆಗೆ ಬಂದವರಲ್ಲಿ ಅರ್ಧಕ್ಕರ್ಧ ಗಣಿ ಕೆಲಸದ ಜಿಯಾಲಜಿಸ್ಟ್‌ಗಳು. ಹಳೇ ಕಟ್ಟಡವೊಂದರ ಚರಿತ್ರೆ ಹೇಳುತ್ತಾ ತಿರುಗಿ ನೋಡಿದರೆ, ಒಬ್ಬರು ಅದರ ಕಲ್ಲಿನ ಕಂಬ ನೆಕ್ಕುತ್ತಿದ್ದಾರೆ!

"ಏನ್ ಸಾರ್ ಇದು?"

"ಒದ್ದೆ ಆದ್ರೆ ಕಲ್ಲಿನ ಕಣ ಚೆನ್ನಾಗಿ ಕಾಣುತ್ತೆ ಮೇಡಂ. ಫೀಲ್ಡಲ್ಲಿ ನಾವೆಲ್ಲ ಹೀಗೇ. ಇದು ಗ್ರಾನೈಟೇ."

"ನಂಗ್ಯಾಕೋ ಡೌಟು," ಎಂದು ಪಕ್ಕದವರೂ ನೆಕ್ಕಿದರು. ಮೂರನೆಯವರು ತೀರ್ಪು ಕೊಡೋಕೆ ನಾಲಿಗೆ ಚಾಚಿದರು. ಸೆಕ್ಯುರಿಟಿಯವನು ಓಡಿ ಬಂದ. "ಜಿಯಾಲಜಿಸ್ಟ್ಸ್," ಎಂದೆ. "ಓ, ಹಾಗಾ," ಎಂದು ವಾಪಸ್ ಹೋದ. ಗಣಿಯವರೇ ತುಂಬಿರುವ ಪರ್ತ್‌ನಲ್ಲಿ ಅಷ್ಟು ಹೇಳಿದರೆ ಸಾಕು.

ವಾದ ಮುಗಿಯಲೇ ಇಲ್ಲ. ಮೂವರೂ ಕಂಬದ ಹತ್ತಿರವೇ ಉಳಿದರು. ಮೊದಲು ನೆಕ್ಕಿದವರ ಹೆಂಡತಿ ನನ್ನ ಜೊತೆ ಮುಂದೆ ನಡೆಯುತ್ತಾ ಅಂದರು: "ನಾನು ಮಾಡಿದ ಸಾರು ನಾಲಿಗೆಗೆ ತಾಕಿಸದೇನೇ ಉಪ್ಪು ಜಾಸ್ತಿ ಅನ್ನೋ ಮನುಷ್ಯ ರೀ ಇವ್ರು!"

೨. ಬಾಡುವ ವಿಷಯ

ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ, ಬೇರೆ ಬೇರೆ ದೇಶದವರು ಬಂದು ಈ ಬಡಾವಣೆ ಹೇಗೆ ಕಟ್ಟಿದರು ಅಂತ ಭಾವುಕಳಾಗಿ ಹೇಳುತ್ತಿದ್ದೆ. ಮಾತು ಮುಗಿದಾಗ ಎದುರಿಗಿದ್ದದ್ದು ಇಬ್ಬರು. ಅವರಲ್ಲೊಬ್ಬ ಬಸ್ಸಿಗೆ ಕಾಯುತ್ತಿದ್ದ.

ಮಿಕ್ಕವರೆಲ್ಲ ಪಕ್ಕದ ತರಕಾರಿ ಅಂಗಡಿಯ ಕ್ಯೂನಲ್ಲಿದ್ದರು. ಬಾಳೆಎಲೆ, ನುಗ್ಗೇಕಾಯಿ, ಒಬ್ಬ ಅಂಕಲ್ ಕಂಕುಳಲ್ಲಿ ಇಡೀ ಹಲಸಿನಹಣ್ಣು.

"ಆಂಟಿ, ಇತಿಹಾಸ ಕೇಳೋಕೆ ಬಂದಿದ್ರಲ್ವಾ?" ಎಂದೆ.

"ಇತಿಹಾಸ ಎಲ್ಲಿಗೂ ಹೋಗಲ್ಲಮ್ಮ," ಎಂದರು ಆಂಟಿ. "ಕೊತ್ತಂಬರಿ ಬಾಡುತ್ತೆ."

೩. ಹಗುರಾದ ಮಂಡಿ

ಅಡಿಲೇಡ್‌ಗೆ ಬರುವಷ್ಟರಲ್ಲಿ ನನ್ನ ಕೀರ್ತಿ ಮೊದಲೇ ಬಂದಿತ್ತು. ನಡಿಗೆಗಳನ್ನು ನೋಡಿಕೊಳ್ಳುವ ಆಸ್ಟ್ರೇಲಿಯನ್ ಹಿರಿಯರೊಬ್ಬರು ನನ್ನನ್ನು ಗೈಡ್ ಅಂತ ಒಪ್ಪುವ ಫಾರಂ ಹಿಡಿದು ತಾವೇ ಜೊತೆಗೆ ಹೊರಟರು. "ಇವತ್ತು ಎಲ್ಲರೂ ಮುಟ್ಟಿದರೆ ಸಹಿ. ಇಲ್ಲದಿದ್ದರೆ ಬೇರೆ ಗೈಡ್ ನೋಡ್ತೀನಿ," ಎಂದರು ನಗುನಗುತ್ತಲೇ.

ಅವರನ್ನು ಬಿಟ್ಟು ಹದಿನಾಲ್ಕು ಜನ. ತರಕಾರಿ ಅಂಗಡಿ ಇರದ ದಾರಿಯನ್ನೇ ಹುಡುಕಿದ್ದೆ. ಆದರೆ ಅಂದು ಶನಿವಾರ, ಇಲ್ಲಿ ಮಾರಾಟದ ಮನೆಗಳನ್ನು ಜನ ನೋಡಲಿ ಅಂತ ತೆರೆದಿಡುವ ದಿನ. ಮಾರಾಟಕ್ಕಿದ್ದ ಮನೆಯೊಂದರ ಮುಂದೆ 'ಬಂದು ನೋಡಿ' ಬಾವುಟ ಹಾರುತ್ತಿತ್ತು. "ಐದೇ ನಿಮಿಷ," ಎಂದು ಎಲ್ಲರೂ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ನುಗ್ಗಿದರು. ಮರ್ಯಾದೆಗೆ ಹಿರಿಯರೂ ಬಿಚ್ಚಿದರು.

ಒಳಗೆ ಜಗಳ. "ಅಡುಗೆಮನೆ ಆಗ್ನೇಯಕ್ಕಿಲ್ಲ," ಅಂದರು ಒಬ್ಬ ಆಂಟಿ. "ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗ್ತಾನೆ, ವಾಸ್ತುನೂ ಉಲ್ಟಾ," ಅಂದರು ಇಂಜಿನಿಯರ್ ಅಂಕಲ್ ಒಬ್ಬರು. ಮನೆ ಮಾರಲು ಬಂದಿದ್ದ ಏಜೆಂಟ್ ಪಾಪ, ಫೋನಿನಲ್ಲಿ ದಿಕ್ಸೂಚಿ ತೆರೆದು ಹಿಡಿದುಕೊಂಡು ನಿಂತಿದ್ದ. ನಾನು ಒಬ್ಬೊಬ್ಬರನ್ನೇ ಕೈಹಿಡಿದು ಹೊರಗೆಳೆದು, ಪಾರ್ಕಿನವರೆಗೆ ಹಿಂದೆ ತಿರುಗಿ ನೋಡುತ್ತಲೇ ನಡೆಸಿದೆ.

ಇಂಜಿನಿಯರ್ ಅಂಕಲ್ ದಾರಿಯುದ್ದಕ್ಕೂ ಹೊಗಳಿದರು: "ಏನ್ ವಾಕಮ್ಮ ನಿಂದು! ಹತ್ತು ವರ್ಷದ ಮಂಡಿನೋವು ಮಾಯ! ಮೋಡದ ಮೇಲೆ ನಡೆದ ಹಾಗಿದೆ."

ಪಾರ್ಕಿನಲ್ಲಿ ಎಣಿಸಿದೆ. ಹದಿನಾಲ್ಕು! ಕುಣಿಯೋದೊಂದು ಬಾಕಿ. ಸಹಿ ಹಾಕಬೇಕಾದವರೇ ಇಲ್ಲ.

ಫೋನ್ ಮಾಡಿದೆ. "ಆ ಮನೆ ಬಾಗಿಲಲ್ಲೇ ಇದ್ದೀನಿ," ಎಂದರು ಹಿರಿಯರು. "ನನ್ನ ಶೂ ಯಾರೋ ಹಾಕ್ಕೊಂಡು ಹೋಗಿದ್ದಾರೆ. ಇಲ್ಲಿ ಉಳಿದಿರೋದು ನನ್ನ ಕಾಲಿಗೆ ಹಿಡಿಸ್ತಿಲ್ಲ."

ಹದಿನಾಲ್ಕು ಜನರೂ ತಂತಮ್ಮ ಕಾಲು ನೋಡಿಕೊಂಡರು. ಅಂಕಲ್ ಮಾತ್ರ ಆಕಾಶ ನೋಡಿದರು.

ಹಿರಿಯರು ಕಾಲುಚೀಲದಲ್ಲೇ ನಡೆದು ಬಂದರು. ನಮ್ಮನ್ನು ಎಣಿಸಿದರು, ಹದಿನಾಲ್ಕು ಅಂತ ಬರೆದುಕೊಂಡರು. ಫಾರಂನಲ್ಲಿ 'ಭಾಗವಹಿಸಿದವರ ಅಭಿಪ್ರಾಯ' ಅಂತ ಒಂದು ಜಾಗವಿತ್ತು. ಅಂಕಲ್ ಕೈಗೇ ಪೆನ್ನು ಕೊಟ್ಟರು. ಅಂಕಲ್ ಯೋಚಿಸಿ ಬರೆದರು: "ಗೈಡ್ ಪರವಾಗಿಲ್ಲ. ಶೂ ಬಹಳ ಚೆನ್ನಾಗಿತ್ತು."

ಹಿರಿಯರು ಓದಿ ನಕ್ಕು, ಅಲ್ಲೇ ಸಹಿ ಹಾಕಿದರು. ಕಾಲುಚೀಲದಲ್ಲೇ ನಿಂತು ಹಾಕಿದರು. ಅಂಕಲ್ ಇನ್ನೂ ಬಿಚ್ಚಿರಲಿಲ್ಲ.