ಅತ್ತೆಯ ಜೊತೆ ಗಾಜಿನ ಬೀರು ಹೊತ್ತದ್ದು

ಐವತ್ತು ದಾಟಿದ ಗಂಡಸನ್ನು ಹೊಗಳುವವರು ಬಹಳ ಕಡಿಮೆ. ಮಗುವಾಗಿದ್ದಾಗ ಎರಡು ಹೆಜ್ಜೆ ಇಟ್ಟರೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿರುತ್ತಾರೆ. ಈಗ ಸಿದ್ದರಬೆಟ್ಟವನ್ನೇ ಹತ್ತಿ ಇಳಿದು ಬಂದರೂ ಸಿಗುವುದು ಮಂಡಿನೋವು, ಜೊತೆಗೆ ಯಾರು ಹೋಗು ಅಂದರು ಎಂಬ ಹೆಂಡತಿಯ ಪ್ರಶ್ನೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ, ಮಧುಗಿರಿಯಿಂದ ದಿನವೂ ಬಸ್ಸಿನಲ್ಲಿ ಜೋತಾಡಿಕೊಂಡು ಓಡಾಡಿದ್ದೇನೆ. ಒಬ್ಬರೂ ಒಮ್ಮೆಯೂ ಭೇಷ್ ಎಂದದ್ದಿಲ್ಲ. ಹೀಗಿರುವಾಗ ಟಿವಿಯೊಳಗಿನ ಒಂದು ಆಟ ನನ್ನನ್ನು ಹೊಗಳತೊಡಗಿತು. ನಾನು ಕರಗಿಹೋದೆ.

ಆ ಗೇಮ್ ಪೆಟ್ಟಿಗೆ ಮಗಳದ್ದು. ಅವಳು ಓದಲು ತುಮಕೂರಿನ ಹಾಸ್ಟೆಲ್ ಸೇರಿದ ಮೇಲೆ ಅದು ಟಿವಿಯ ಕೆಳಗೆ ಸುಮ್ಮನೆ ಬಿದ್ದಿತ್ತು. ದೂಳು ಒರೆಸಲು ಹೋದವನು ಆನ್ ಮಾಡಿದೆ. ಮನೆ ಸಾಮಾನನ್ನು ಹೊತ್ತು ತಂದು ಲಾರಿಗೆ ತುಂಬುವ ಆಟ ಅದು. ಒಂದು ಕುರ್ಚಿ ಎತ್ತಿದೆ. ಪರದೆಯ ಮೂಲೆಯಲ್ಲಿ ಟಿಣ್ ಎಂಬ ಸದ್ದಿನೊಡನೆ ಪುಟ್ಟದೊಂದು ಪದಕ ಮೂಡಿ, ನನ್ನನ್ನು ಅಭಿನಂದಿಸಿ ಮರೆಯಾಯಿತು. ಗಾಬರಿಯಲ್ಲಿ ಆ ಕುರ್ಚಿಯನ್ನು ಕಾಲ ಮೇಲೆ ಹಾಕಿಕೊಂಡೆ. ಅದಕ್ಕೂ ಒಂದು ಪದಕ. ಇದನ್ನು ಅಚೀವ್‌ಮೆಂಟ್ ಅನ್ನುತ್ತಾರೆ ಎಂದು ಮಗಳು ಫೋನಿನಲ್ಲಿ ತಿಳಿಸಿದಳು. ಕಾಲ ಮೇಲೆ ಕುರ್ಚಿ ಬೀಳಿಸಿಕೊಂಡ ನೌಕರನಿಗೂ ಮನ್ನಣೆ ಕೊಡುವ ಇಂಥ ಇಲಾಖೆಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಎಲ್ಲ ಪದಕಗಳೂ ನನ್ನವಾದವು, ಒಂದನ್ನು ಬಿಟ್ಟು. ಅದನ್ನು ಗಳಿಸಲು ಇಬ್ಬರು ಸೇರಿ ಆಡಬೇಕು. ಮಹಡಿಯ ಮೇಲಿನ ಗಾಜಿನ ಬೀರುವನ್ನು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದು, ಒಂದು ಬಿರುಕೂ ಬೀಳದಂತೆ ಲಾರಿ ಮುಟ್ಟಿಸಬೇಕು. ಹೆಂಡತಿ ಸರೋಜಳನ್ನು ಕೇಳಿದೆ. ಬಾಗಿಲಲ್ಲಿರುವ ಗ್ಯಾಸ್ ಸಿಲಿಂಡರನ್ನು ಒಳಗಿಡಿ ಎಂದು ಬೆಳಗ್ಗೆಯಿಂದ ಹೇಳುತ್ತಿದ್ದೇನೆ, ಮೊದಲು ಅದನ್ನು ಎತ್ತಿ ಎಂದಳು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕಾಫಿಗೆ ಕರೆದೆ. ಅವರು ಕಾಫಿ ಕುಡಿದು ಹೋದರು.

ಉಳಿದವರು ಅತ್ತೆ. ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಿಂದ ಒಂದಷ್ಟು ದಿನ ಇದ್ದು ಹೋಗಲು ಬಂದಿದ್ದರು. ಅವರದ್ದು ಹಳೆಯ ಕಾಲದ ಮರ್ಯಾದೆ. ಮದುವೆಯಾದಾಗಿನಿಂದ ನನ್ನೆದುರು ಕುರ್ಚಿಯ ಮೇಲೆ ಕುಳಿತವರಲ್ಲ, ನೇರವಾಗಿ ಮಾತಾಡಿದವರೂ ಅಲ್ಲ. ನಾನು ಎದುರಿಗೇ ಇದ್ದರೂ ತಮ್ಮ ಮಗಳು ಸರೋಜಳ ಕಡೆ ತಿರುಗಿ, ಅಳೀಮಯ್ಯ ಊಟಕ್ಕೆ ಏಳ್ತಾರಾ ಕೇಳಮ್ಮ ಅನ್ನುತ್ತಿದ್ದರು. ನನ್ನ ಬೇಡಿಕೆಯೂ ಅದೇ ದಾರಿಯಲ್ಲಿ ಹೋಯಿತು. ಅಳಿಯ ಬಾಯಿಬಿಟ್ಟು ಕೇಳಿದ್ದಾರಲ್ಲ ಎಂಬ ಮುಲಾಜಿಗೆ ಸೆರಗು ಹೊದ್ದು ಚಾಪೆಯ ಮೇಲೆ ಕುಳಿತು, ಆಟದ ರಿಮೋಟನ್ನು ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡರು.

ಕೆಲವೇ ದಿನಗಳಲ್ಲಿ ಅವರ ಕೈ ಪಳಗಿತು. ಬಾಗಿಲಿಗೆ ಬೀರು ಬಡಿಯುತ್ತಿದ್ದವನು ಪ್ರತಿ ಸಲವೂ ನಾನೇ. ಒಂದು ಸಂಜೆ ಅಂತೂ ಬೀರು ಮೆಟ್ಟಿಲಿಳಿದು, ಬಾಗಿಲು ದಾಟಿ, ಅಂಗಳಕ್ಕೆ ಬಂತು. ಲಾರಿ ಎದುರಿಗೇ ನಿಂತಿತ್ತು. ನನ್ನ ಅಂಗೈ ಬೆವರಿ ಬೆರಳು ಜಾರತೊಡಗಿತು. ಅಷ್ಟರಲ್ಲಿ ಪಕ್ಕದಿಂದ ದನಿ ಎದ್ದಿತು.

"ಲೇ, ಎಡಕ್ಕೆ ಬಾರ್ಲಾ! ಗಟ್ಟಿಗಾ ಪಟ್ಕೋರಾ, ಎದವ!"

ಗಟ್ಟಿಯಾಗಿ ಹಿಡ್ಕೊಳೋ ದಂಡಪಿಂಡ ಎಂದು ಅದರ ಅರ್ಥ. ಸಿಟ್ಟು ಬಂದರೆ ಅತ್ತೆಯ ಕನ್ನಡ ತೆಲುಗಿಗೆ ಹೊರಳುತ್ತದೆಂದು ಅಂದೇ ತಿಳಿದದ್ದು. ನಾನು ಬೆಚ್ಚಿ ಬಲಕ್ಕೆ ಹೋದೆ. ಬೀರು ಚೂರಾಯಿತು. ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುವ ಸದ್ದು ನಿಂತಿತು. ಅತ್ತೆ ರಿಮೋಟನ್ನು ಕೆಳಗಿಟ್ಟು, ಸೆರಗು ಎಳೆದುಕೊಂಡು ಒಳಗೆ ಹೋದವರು ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಊರಿಗೆ ಹೊರಟುಬಿಟ್ಟರು. ಅಳಿಯನಿಗೆ ಹಂಗಂದ ಬಾಯಲ್ಲಿ ಅವರ ಮನೆ ಅನ್ನ ಹೆಂಗೆ ಉಣ್ಣಲಿ ಎಂದು ಮಗಳ ಹತ್ತಿರ ಅತ್ತರಂತೆ.

ಸರೋಜ ನನ್ನೊಡನೆ ಮಾತು ಬಿಟ್ಟಳು. ಭಾನುವಾರ ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು.

"ನಮ್ಮಮ್ಮನ್ನ ಕರ್ಕೊಂಡ್ ಬನ್ನಿ. ಒಬ್ರೇ ಬರ್ಬೇಡಿ."

ಹೊರಟೆ. ಹೊರಡುವಾಗ ಗೇಮ್ ಪೆಟ್ಟಿಗೆಯನ್ನೂ ಬ್ಯಾಗಿಗೆ ಹಾಕಿಕೊಂಡೆ. ಅತ್ತೆಗೆ ಸಮಾಧಾನವಾಗಲಿ ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಪಾವಗಡ ದಾಟಿ ಸೋಲಾರ್ ಫಲಕಗಳ ಸಾಲು ಶುರುವಾಗುವ ಹೊತ್ತಿಗೆ ಅದು ಸುಳ್ಳೆಂದು ನನಗೇ ಖಾತ್ರಿಯಾಗಿತ್ತು.

ಭಾಮೈದ ಮಂಜು ಬರಮಾಡಿಕೊಂಡ. ಅತ್ತೆ ಮಾತ್ರ ನಡುಮನೆಯ ಬಾಗಿಲ ಹಿಂದೆ ನಿಂತು ಹೊರಗೆ ಬರಲಿಲ್ಲ. ಸರೋಜ ನಡುವೆ ಇಲ್ಲದ ಕಾರಣ ಬಾಗಿಲಿಗೇ ಹೇಳಿದೆ, ನೀವು ಬೈದದ್ದರಲ್ಲಿ ತಪ್ಪಿಲ್ಲ ಅತ್ತೆ, ಕೈಬಿಟ್ಟವನು ನಾನು ಎಂದು. ಆಮೇಲೆ ಬಾಗಿಲ ಹಿಂದಿನಿಂದ ಮೆಲ್ಲಗೆ ಮಾತು ಬಂತು.

"ಎಡಕ್ಕೆ ಅಂದ್ರೆ ಬಲಕ್ಕೆ ಯಾಕೋದ್ರಿ ಅಳೀಮಯ್ಯ? ಅದೇ ಯೋಚ್ನೆಲಿ ನಂಗೆ ನಿದ್ದೇನೆ ಬರ್ಲಿಲ್ಲ."

ಅವರು ನೇರವಾಗಿ ನನಗೇ ಆಡಿದ ಮೊದಲ ಸಮಾಧಾನದ ಮಾತು ಅದು. ಬ್ಯಾಗಿನಿಂದ ಗೇಮ್ ಪೆಟ್ಟಿಗೆಯನ್ನು ಹೊರತೆಗೆದೆ.

ಮಂಜು ಪೆಟ್ಟಿಗೆಯನ್ನು ಅವರ ಟಿವಿಗೆ ಜೋಡಿಸಿದ. ಉತ್ಸಾಹದಲ್ಲಿ ಆಟದೊಳಗೆ ಅಮ್ಮನ ಹೆಸರಿನಲ್ಲಿ ಒಂದು ಖಾತೆ ತೆರೆದು ಮೊದಲನೇ ರಿಮೋಟನ್ನು ಅವರಿಗೆ ಕೊಟ್ಟ. ಬಂದ ಅಳಿಯ ಅತಿಥಿ ಅಲ್ಲವೇ, ನನ್ನನ್ನು ಆಟಕ್ಕೂ ಅತಿಥಿ ಎಂದೇ ಸೇರಿಸಿದ. ಅತ್ತೆ ಎಡಕ್ಕೆ ಅಂದಾಗ ಎಡಕ್ಕೆ ಹೋದೆ, ನಿಲ್ಲಿ ಅಂದಾಗ ನಿಂತೆ. ಬೀರು ಲಾರಿಯೇರಿತು. ಅತ್ತೆ ಬಾಯ್ತುಂಬ ನಕ್ಕರು. ತಿರುಗಿ ನೋಡಿದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಅಲ್ಲಿಗೆ ಯಾವಾಗ ಬಂದು ಕುಳಿತರೋ ಇಬ್ಬರಿಗೂ ಗೊತ್ತಾಗಿರಲಿಲ್ಲ.

ಪದಕ ಮೂಡಿತು. ಅತ್ತೆಯ ಹೆಸರಿಗೆ. ಅತಿಥಿಗಳಿಗೆ ಅಚೀವ್‌ಮೆಂಟ್ ಸಿಗುವುದಿಲ್ಲ ಎಂದು ಮಂಜು ಸಂಕೋಚದಿಂದ ಹೇಳಿದ. ನನ್ನ ಖಾತೆಯಲ್ಲಿ ಇನ್ನೊಮ್ಮೆ ಆಡೋಣವೇ ಎಂದು ಅತ್ತೆಯನ್ನು ಕೇಳಿದೆ.

"ಇನ್ನೊಂದ್ ಕಿತ ಆಡಾನ ಅಳೀಮಯ್ಯ. ಈಗ ಮಂಜು ಜೊತೆ ಮುಂದಿಂದು ನೋಡ್ಬೇಕು. ನಿಮ್ದು ಕೈ ವಸಿ ನಿಧಾನ."

ಸಂಜೆ ಮಧುಗಿರಿಯಲ್ಲಿ ಬಸ್ಸಿಳಿದಾಗ ನನ್ನ ಜೊತೆ ಅತ್ತೆಯೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಅಮ್ಮ ಎಲ್ಲಿ ಎಂದಳು ಸರೋಜ. ಸಿಟ್ಟೆಲ್ಲ ಹೋಗಿದೆ, ಸದ್ಯಕ್ಕೆ ಅವರಿಗೆ ಬಿಡುವಿಲ್ಲ ಎಂದೆ. ಅವಳು ನಂಬಲಿಲ್ಲ, ಕಾಲಿಗೆ ಬಿದ್ದಾದರೂ ಕರೆಯಬಾರದಿತ್ತೇ ಎಂದಳು. ಕಾಲಿಗೆ ಬಿದ್ದದ್ದು ನಿಜ. ಬಿದ್ದು ಕೇಳಿಕೊಂಡದ್ದು ಮನೆಗೆ ಬನ್ನಿ ಎಂದಲ್ಲ, ಇನ್ನೊಂದು ಆಟ ಆಡಿ ಎಂದು. ಅದನ್ನು ಮಾತ್ರ ಹೇಳದೆ ಕೈಕಾಲು ತೊಳೆಯಲು ಹೋದೆ.