ನೆವಿಲ್ಲನ ಕಾರೂ ಮೂರಂತಸ್ತಿನ ಕೇಕೂ

ಹಿಂದಿನಿಂದ ನೋಡಿದರೆ ನೆವಿಲ್ ಹೇವರ್ತನ ಕೆಂಪು ಕಾರು ಮೇದು ಬಂದು ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಒಂದು ಕಾಲಕ್ಕೆ ಥಾರ್ನ್‌ಶಾ ಊರಿನ ಹುಡುಗರ ನಿದ್ದೆ ಕೆಡಿಸಿದ ಕಾರು ಅದು. ಪುಟ್ಟ ಮೈ, ಮೈಗೆ ಮೀರಿದ ಎಂಜಿನ್ನು, ಹಿಂದೆ ಮೇಲಕ್ಕೆತ್ತುವ ಬಾಗಿಲು. ನೆವಿಲ್ ಗ್ಲೆಂಡಾಳನ್ನು ಮದುವೆಗೆ ಒಪ್ಪಿಸಿದ್ದೂ ಅದರಲ್ಲೇ, ಗುಡ್ಡದ ತಿರುವುಗಳನ್ನು ಅವಳು ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದಾಗ. "ಹೂಂ ಅಂದ್ರೆ ನಿಧಾನ ಮಾಡ್ತೀಯಾ?" ಎಂದು ಅವಳು ಕೇಳಿದ್ದನ್ನು ಅವನು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದ.

ಈಗ ಅದರ ಸ್ಪ್ರಿಂಗುಗಳು ಕುಸಿದಿದ್ದವು. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಜಿನುಗುತ್ತಿತ್ತು. ರಸ್ತೆಯುಬ್ಬು ದಾಟಿದ ಮೇಲೂ ಕಾರು ಮುಂದಿನ ಬೀದಿಯವರೆಗೆ ತಲೆದೂಗುತ್ತ ಹೋಗುತ್ತಿತ್ತು, ಸಂಗೀತ ಕಚೇರಿಯಲ್ಲಿ ಮೊದಲ ಸಾಲಿನಲ್ಲಿ ಕೂತ ರಸಿಕರ ಹಾಗೆ. ವರ್ಷಕ್ಕೊಮ್ಮೆ ಕಾರು ಪರೀಕ್ಷೆ ಮಾಡುವವನು ಈ ಸಲ ಸರ್ಟಿಫಿಕೇಟು ಕೊಡುತ್ತ, "ಮುಂದಿನ ವರ್ಷ ನನ್ನ ಹತ್ರ ತರಬೇಡ, ಪಾದ್ರಿಗಳ ಹತ್ರ ಕರ್ಕೊಂಡು ಹೋಗು" ಎಂದಿದ್ದ. ಅದು ನೆವಿಲ್ಲನಿಗೆ ನಾಟಿತು. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಪೂರ್ತಿ ಒಂದು ಸೆಟ್ಟು ತರಿಸಿಬಿಟ್ಟ. ಮಾರಿದವನು ಫೋನಿನಲ್ಲಿ ಹೇಳಿದ್ದ: "ರಸ್ತೆಗೂ ಸೈ, ರೇಸಿಗೂ ಸೈ. ಮೇಲೊಂದು ಗುಂಡಿ ಇರುತ್ತೆ. ಒಂದು ಕಡೆ ತಿರುಗಿಸಿದ್ರೆ ಮೆದು, ಇನ್ನೊಂದು ಕಡೆಗೆ ಗಟ್ಟಿ." ಯಾವ ಕಡೆಗೆ ಯಾವುದು ಎಂದು ಕೇಳುವುದನ್ನು ನೆವಿಲ್ ಮರೆತ. ಖುಷಿಯಲ್ಲಿದ್ದ ಮನುಷ್ಯ.

ಶನಿವಾರ ಬೆಳಿಗ್ಗೆ ಮನೆಯ ಮುಂದೆ ರಸ್ತೆಯಲ್ಲೇ ಕಾರನ್ನು ಎತ್ತಿ ನಿಲ್ಲಿಸಿ ಅವನು ಕೊನೆಯ ಬೋಲ್ಟಿನೊಂದಿಗೆ ಗುದ್ದಾಡುತ್ತಿದ್ದ. ತುಕ್ಕು ಹಿಡಿದು ಕಬ್ಬಿಣವೂ ಕಬ್ಬಿಣವೂ ಅಣ್ಣತಮ್ಮಂದಿರ ಹಾಗೆ ಒಂದಾಗಿಬಿಟ್ಟಿದ್ದವು. ಪಕ್ಕದ ಮನೆಯ ರೇಮಂಡ್ ಚಹದ ಮಗ್ಗು ಹಿಡಿದು ಗೋಡೆಗೆ ಒರಗಿ ನೋಡುತ್ತಿದ್ದ. ಆತ ಜೀವಮಾನವಿಡೀ ಊರ ಬಸ್ಸು ಓಡಿಸಿ ನಿವೃತ್ತನಾದವನು.

"ನನ್ನ ಬಸ್ಸಲ್ಲಿ ನಿಂತ್ಕೊಂಡೇ ಹೆಂಗಸ್ರು ಸ್ವೆಟರ್ ಹೆಣೀತಿದ್ರು ಕಣಯ್ಯ" ಎಂದ ರೇಮಂಡ್. "ಒಂದು ಹೆಣಿಗೆ ತಪ್ಪಿದ್ದಿಲ್ಲ. ನಯ ಇರೋದು ಶಾಕಪ್ಸರಲ್ಲಲ್ಲ, ಪಾದದಲ್ಲಿ."

"ಪಾದ ಈ ಕಡೆ ತಂದು ಈ ಸ್ಪ್ಯಾನರ್ ಒಂಚೂರು ತುಳೀರಿ ಹಾಗಾದ್ರೆ" ಎಂದ ನೆವಿಲ್, ಕಾರಿನ ಅಡಿಯಿಂದ.

ರೇಮಂಡ್ ತುಳಿದ. ಬೋಲ್ಟು ಗುಂಡು ಹೊಡೆದ ಸದ್ದು ಮಾಡಿ ಬಿಟ್ಟುಕೊಂಡಿತು. ಸದ್ದು ಕೇಳಿ ಎದುರು ಮನೆಯ ಡೋರೀನ್ ಹೊರಗೆ ಬಂದಳು. ಕಿವಿ ಕೊಂಚ ಮಂದವಾದರೂ ಬೀದಿಯ ಯಾವ ಸುದ್ದಿಯೂ ಅವಳಿಗೆ ತಪ್ಪುತ್ತಿರಲಿಲ್ಲ.

ಹೊಸ ಸಾಮಾನು ಕೂತ ಮೇಲೆ ಗುಂಡಿಯ ವಿಚಾರ ಬಂತು.

"ನಲ್ಲಿ ಎಡಕ್ಕೆ ತಿರುಗಿಸಿದ್ರೆ ಸಡಿಲ ಆಗಲ್ವಾ, ಹಾಗೇ ಇದೂನೂ" ಎಂದು ರೇಮಂಡ್ ಮುಂದಿನ ಎರಡು ಗುಂಡಿಗಳನ್ನು ಎಡಕ್ಕೆ ತಿರುಗಿಸಿದ.

"ನಮ್ಮನೆ ಒಲೆ ಎಡಕ್ಕೆ ತಿರುಗಿಸಿದ್ರೆ ಉರಿ ಜಾಸ್ತಿ ಆಗುತ್ತೆ" ಎಂದು ಡೋರೀನ್ ಹಿಂದಿನವೆರಡನ್ನು ಬಲಕ್ಕೆ ತಿರುಗಿಸಿದಳು.

ನೆವಿಲ್ ಕೈ ತೊಳೆದು ಬರುವಷ್ಟರಲ್ಲಿ ಕಾರಿನ ಮುಂಭಾಗ ಒಬ್ಬರ ಸೊಸೆ, ಹಿಂಭಾಗ ಇನ್ನೊಬ್ಬರ ಸೊಸೆ ಎಂಬಂತಾಗಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ. ಹೊರಗಿನಿಂದ ನೋಡಲು ಕಾರು ಮಾತ್ರ ಚೆಂದವಾಗಿ, ತಗ್ಗಾಗಿ, ಜಿಗಿಯಲು ಸಿದ್ಧವಾದ ಬೆಕ್ಕಿನಂತೆ ನಿಂತಿತ್ತು. ಬೀದಿಯನ್ನೊಂದು ಸುತ್ತು ಹಾಕಿ ಬಂದ. ಮುಂದೆ ತೇಲಿಸುತ್ತಿತ್ತು, ಹಿಂದೆ ಹೇಸರಗತ್ತೆಯಂತೆ ಒದೆಯುತ್ತಿತ್ತು. ಬೀದಿಯಲ್ಲಿ ಬ್ರೆಡ್ಡಿನ ಚೂರು ಬಿದ್ದಿದ್ದರೆ ಬೆಣ್ಣೆ ಸವರಿದ್ದು ಯಾವ ಮಗ್ಗುಲಿಗೆ ಎಂಬುದನ್ನು ಹಿಂದಿನ ಸೀಟಿನಲ್ಲಿ ಕೂತವರು ಹೇಳಬಹುದಿತ್ತು. ಆದರೆ ನೆವಿಲ್ ಕೂತದ್ದು ಮುಂದಿನ ಸೀಟಿನಲ್ಲಿ.

"ರೇಷ್ಮೆ" ಎಂದ, ಇಳಿಯುತ್ತ. "ಅಪ್ಪಟ ರೇಷ್ಮೆ."

ಅದೇ ಹೊತ್ತಿಗೆ ಗ್ಲೆಂಡಾ ಬಾಗಿಲಿಗೆ ಬಂದಳು. ಮುಖ ಬಿಳುಚಿಕೊಂಡಿತ್ತು. ಮನೆಯಲ್ಲೇ ಕೇಕು ಮಾಡಿ ಮಾರುವುದು ಅವಳ ಕಸುಬು. ಅಂದು ಮಧ್ಯಾಹ್ನ ಅವಳ ಅಕ್ಕನ ಮಗಳು ಬೆಥನಿಯ ಮದುವೆ. ಮೂರಂತಸ್ತಿನ ಕೇಕು ಅಡುಗೆಮನೆಯಲ್ಲಿ ಸಿದ್ಧವಾಗಿ ನಿಂತಿತ್ತು. ಒಣಹಣ್ಣಿನ ಗಟ್ಟಿ ಕೇಕು ಬೇಡ, ಕ್ರೀಮು ಜ್ಯಾಮು ತುಂಬಿದ ಮೆತ್ತನೆಯದೇ ಬೇಕು ಎಂದು ಬೆಥನಿ ಹಟ ಹಿಡಿದಿದ್ದಳು. ಅದನ್ನು ಒಯ್ಯಬೇಕಾಗಿದ್ದ ಗ್ಲೆಂಡಾಳ ವ್ಯಾನು ಕ್ಲಚ್ಚು ಸುಟ್ಟುಕೊಂಡು ಗ್ಯಾರೇಜಿನಲ್ಲಿತ್ತು.

"ವ್ಯಾನು ಇವತ್ತು ಆಗಲ್ವಂತೆ" ಎಂದಳು. "ಮದುವೆ ಹಾಲ್ ಇರೋದು ಗುಡ್ಡದ ಮೇಲೆ. ಕೇಕು ಹೇಗೆ ತಗೊಂಡು ಹೋಗ್ಲಿ?"

ನೆವಿಲ್ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡ. ಬಾಳಿನಲ್ಲಿ ಒಮ್ಮೆ ಬರುವ ಗಳಿಗೆ ಇದು ಎಂದು ಅವನಿಗೆ ಅನ್ನಿಸಿತ್ತು.

"ನಾನಿಲ್ವಾ?" ಎಂದ. "ಹೊಸ ಸಸ್ಪೆನ್ಶನ್ನು. ತೊಟ್ಟಿಲಲ್ಲಿ ಮಗು ಮಲಗಿಸ್ದಂಗೆ ತಗೊಂಡು ಹೋಗ್ತೀನಿ."

ಗ್ಲೆಂಡಾ ಕಾರನ್ನು ನೋಡಿದಳು. ಗಂಡನ ಮುಖ ನೋಡಿದಳು. ತಿಂಗಳುಗಟ್ಟಲೆ ಊಟದ ಮೇಜಿನ ಮೇಲೆ ಸ್ಪ್ರಿಂಗಿನ ಮಾತೇ ಕೇಳಿದ್ದವಳು ಅವಳು. ಆಮೇಲೆ ರೇಮಂಡನ ಕಡೆ ತಿರುಗಿ, "ರೇಮಂಡ್, ಒಂದು ನಿಮಿಷ ಒಳಗೆ ಬರ್ತೀರಾ? ಎತ್ತೋಕೆ ಕೈ ಬೇಕು" ಎಂದಳು.

ಒಳಗೆ ಹೋದವರು ಎತ್ತರದ ಬಿಳಿ ಪೆಟ್ಟಿಗೆಯೊಂದನ್ನು ಹೊತ್ತು ಬಂದರು. ರೇಮಂಡ್ ಪಿಯಾನೋ ಹೊತ್ತವನಂತೆ ನರಳುತ್ತಿದ್ದ. ಸಹಾಯಕ್ಕೆ ಹೋದ ನೆವಿಲ್ಲನಿಗೆ ಗ್ಲೆಂಡಾ, "ನೀನು ಮುಟ್ಟಬೇಡ, ಬಟ್ಟೆಯೆಲ್ಲ ಗ್ರೀಸು" ಎಂದಳು. ಪೆಟ್ಟಿಗೆ ಹಿಂದಿನ ಸೀಟು ಮಡಚಿದ ಜಾಗದಲ್ಲಿ ಕೂತಿತು. ಅಷ್ಟರಲ್ಲಿ ಅವಳ ಭಾವ ಬಂದು, ಮೇಜು ಅಲಂಕರಿಸಲು ಅವಳನ್ನು ಮುಂಚಿತವಾಗಿ ಕರೆದುಕೊಂಡು ಹೊರಟ. ಹೋಗುವಾಗ ಅವಳು ನೆವಿಲ್ಲನ ಕೆನ್ನೆ ತಟ್ಟಿ, "ಅವಸರ ಇಲ್ಲ, ನಿಧಾನಕ್ಕೆ ಬಾ" ಎಂದಳು.

ನೆವಿಲ್ ಆ ಮಾತನ್ನು ವೇದವಾಕ್ಯವೆಂದು ತೆಗೆದುಕೊಂಡ. ಕಲ್ಲುಹಾಸಿನ ಬೀದಿಯಲ್ಲಿ ಹತ್ತು ಗಜ ಹೋಗುವುದರೊಳಗೆ ಪೆಟ್ಟಿಗೆ ಹಿಂದೆ ಗಡಗಡ ನಡುಗುವುದು ಕನ್ನಡಿಯಲ್ಲಿ ಕಂಡಿತು. ಕೂಡಲೇ ಕಾರು ನಿಲ್ಲಿಸಿ ಕಿಟಕಿ ಇಳಿಸಿದ.

"ಡೋರೀನ್, ಹೇಗೂ ಮದುವೆಗೆ ಬರ್ತಿದೀರಲ್ಲ. ಒಂಚೂರು ಮುಂದೆ ನಡೀತೀರಾ? ರಸ್ತೇಲಿ ಹಳ್ಳ ಕಂಡ್ರೆ ಕೈ ಎತ್ತಿ."

ಮದುವೆಗೆಂದು ಕಪ್ಪು ಕೋಟು, ಕಪ್ಪು ಹ್ಯಾಟು ಹಾಕಿ ಸಿದ್ಧಳಾಗಿದ್ದ ಡೋರೀನ್ ಸಂತೋಷದಿಂದ ಒಪ್ಪಿದಳು. ಅವಳಿಗೆ ಆ ಕೋಟು ಒಂದೇ ಇದ್ದದ್ದು, ಮದುವೆಗೂ ಅದೇ, ಶವಯಾತ್ರೆಗೂ ಅದೇ. ಅವಳು ತಲೆಯೆತ್ತಿ ಕಾರಿನ ಮುಂದೆ ನಡೆದಳು. ಕಾರು ಅವಳ ಹಿಂದೆ ತೆವಳಿತು.

ಆ ಬೀದಿಯ ಎರಡೂ ಮಗ್ಗುಲಿಗೆ ಕಾರುಗಳು ನಿಂತಿರುತ್ತವೆ. ನಡುವೆ ಒಂದೇ ಒಂದು ಹೋಗುವಷ್ಟು ದಾರಿ. ಹಿಂದಿನಿಂದ ರೇಮಂಡ್ ತನ್ನ ಹಳೆಯ ದೊಡ್ಡ ಸೆಡಾನ್ ಕಾರಿನಲ್ಲಿ ಬಂದು ಸಿಕ್ಕಿಕೊಂಡ. ಒಮ್ಮೆ ಹಾರ್ನು ಮಾಡಿದ. ಕೈ ಹೊರಗೆ ಹಾಕಿ ಜರುಗು ಎಂದು ಸನ್ನೆ ಮಾಡಿದ.

"ಹೊಟ್ಟೆಕಿಚ್ಚು" ಎಂದುಕೊಂಡ ನೆವಿಲ್. "ಬೆಳಿಗ್ಗೆಯಿಂದ ಇದೇ ಆಯ್ತು ಇವನದು." ಇನ್ನಷ್ಟು ನಿಧಾನ ಮಾಡಿದ.

ರೇಮಂಡನ ಹಿಂದೆ ಹಾಲಿನ ಗಾಡಿ, ಅದರ ಹಿಂದೆ ಟ್ಯಾಕ್ಸಿ, ಅದರ ಹಿಂದೆ ಇನ್ನೊಂದಷ್ಟು ಕಾರು ಸಾಲುಗಟ್ಟಿದವು. ಪೇಟೆಬೀದಿಗೆ ಬರುವಾಗ ಮೆರವಣಿಗೆ ಸಾಕಷ್ಟು ಉದ್ದವಾಗಿತ್ತು. ಅಲ್ಲಿ ಪಬ್ಬಿನ ಮುಂದೆ ನಿಂತಿದ್ದ ಮುದುಕರು ಮುಂದೆ ನಡೆಯುವ ಕಪ್ಪು ಕೋಟನ್ನೂ ಹಿಂದೆ ತೆವಳುವ ಕಾರುಗಳನ್ನೂ ನೋಡಿ ಗ್ಲಾಸು ಕೆಳಗಿಟ್ಟು ಟೋಪಿ ತೆಗೆದರು. ಮೀನು ಕರಿಯುವ ಅಂಗಡಿಯವನು ಜಾಲರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ತಲೆ ತಗ್ಗಿಸಿದ. ಸಾಲಿನ ಕೊನೆಯ ಕಾರುಗಳವರು, ಮುಂದೇನು ನಡೆದಿದೆಯೋ ತಿಳಿಯದೆ, ಮರ್ಯಾದೆಗೆ ದೀಪ ಹಾಕಿಕೊಂಡರು.

ನೆವಿಲ್ ಸೀಟಿನಲ್ಲಿ ನೆಟ್ಟಗೆ ಕೂತ. ಊರಿಗೆ ಊರೇ ಒಂದು ಒಳ್ಳೆಯ ಸಸ್ಪೆನ್ಶನ್ನನ್ನು ಇಷ್ಟು ಗೌರವಿಸುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಎಡಕ್ಕೂ ಬಲಕ್ಕೂ ಕೈ ಬೀಸಿದ. ನೋಡಿದವರಿಗೆ ಅದು ಅಷ್ಟು ಸರಿ ಕಾಣಲಿಲ್ಲ.

ಗುಡ್ಡದ ಬುಡದಲ್ಲಿ, ತನ್ನ ಮನೆಯಂಗಳದಲ್ಲಿ ಹೂ ಕತ್ತರಿಸುತ್ತಿದ್ದ ಹೆಂಗಸೊಬ್ಬಳು ಬೇಲಿಯ ಬಳಿ ಬಂದು ಡೋರೀನಳನ್ನು ಮೆಲ್ಲಗೆ ಕೇಳಿದಳು: "ಯಾರದಮ್ಮ ಇದು?"

"ನಮ್ಮ ಬೆಥನಿದು" ಎಂದಳು ಡೋರೀನ್.

"ಅಯ್ಯೋ. ಇಷ್ಟು ಬೇಗಾನಾ?"

"ಬೇಗ ಏನು ಬಂತು. ಅವರಮ್ಮ ಆಸೇನೇ ಬಿಟ್ಟಿದ್ಲು."

"ತುಂಬಾ ಒದ್ದಾಡಿದ್ಲಾ?"

"ಒಂದೆರಡು ಕಡೆ ಕೂಡಿಬರ್ಲಿಲ್ಲ. ಈಗ ಖುಷಿಯಾಗೇ ಹೊರಟಿದ್ದಾಳೆ ಬಿಡು."

ಹೆಂಗಸು ಕಣ್ಣೊರೆಸಿಕೊಂಡಳು. ಕೈಯಲ್ಲಿದ್ದ ಹೂವನ್ನೆಲ್ಲ ಒಂದು ಗೊಂಚಲು ಮಾಡಿ ತಟ್ಟನೆ ರಸ್ತೆಗಿಳಿದು, ನೆವಿಲ್ಲನ ಕಾರಿನ ಮುಂದೆ ಬಂದು ಅದನ್ನು ಬಾನೆಟ್ಟಿನ ಮೇಲೆ ಇಟ್ಟಳು.

ನೆವಿಲ್ ಬ್ರೇಕು ತುಳಿದ. ಅಷ್ಟು ನಿಧಾನವಾಗಿದ್ದ ಕಾರು ನಿಂತಿತೆಂಬುದು ಕೂಡ ಗೊತ್ತಾಗದ ಹಾಗೆ ನಿಂತಿತು. ಹಿಂದಿನಿಂದ ಮಾತ್ರ ಟೈರು ಕಿರುಚಿದ ಸದ್ದೊಂದು ಕೇಳಿಸಿತು. ಬಲಗಡೆ ಕೊನೆಗೂ ರಸ್ತೆ ಅಗಲವಾಯಿತೆಂದು ರೇಮಂಡ್ ಮುನ್ನುಗ್ಗಿ ಹೊರಟಿದ್ದ. ಹೂವಿನವಳನ್ನು ಕಂಡು ಆತನೂ ತುಳಿದಿದ್ದ. ಆಮೇಲೆ ಹಾರ್ನು ಉದ್ದಕ್ಕೆ ಕೂಗಿತು, ಬಹಳ ಹೊತ್ತು. ಕನ್ನಡಿಯಲ್ಲಿ ನೋಡಿದರೆ ರೇಮಂಡ್ ಹಣೆಯನ್ನು ಸ್ಟಿಯರಿಂಗಿಗೆ ಒರಗಿಸಿ ಕೂತಿದ್ದ.

"ಸ್ವೆಟರ್ ಹೆಣಿಗೆ ತಪ್ತು ಅಂತ ಕಾಣುತ್ತೆ" ಎಂದು ನೆವಿಲ್ ತನ್ನಷ್ಟಕ್ಕೆ ನಕ್ಕ.

ಮದುವೆ ಹಾಲ್‌ನ ಮುಂದೆ ಗ್ಲೆಂಡಾ ಕಾಯುತ್ತಿದ್ದಳು. ನೆವಿಲ್ ಇಳಿದವನೇ ಹಿಂದಿನ ಬಾಗಿಲೆತ್ತಿ ಪೆಟ್ಟಿಗೆಯ ಮುಚ್ಚಳ ಸರಿಸಿದ. ಮೂರೂ ಅಂತಸ್ತು ನೆಟ್ಟಗೆ, ಬಿಳಿಯಾಗಿ ನಿಂತಿದ್ದವು. ಸಕ್ಕರೆಯ ಗುಲಾಬಿಗಳ ಒಂದು ಎಸಳೂ ಅಲುಗಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

"ನೋಡು" ಎಂದ. "ನೋಡಿದ್ಯಾ?"

"ನೋಡ್ದೆ" ಎಂದಳು ಗ್ಲೆಂಡಾ. ಅವಳ ಕಣ್ಣು ಬೇರೆಲ್ಲೋ ಇತ್ತು. "ರೇಮಂಡ್ ಎಲ್ಲಿ?"

"ಬರ್ತಾನೆ ಬಿಡು, ಎಲ್ಲಿ ಹೋಗ್ತಾನೆ. ನಾನಿದನ್ನ ಒಳಗೆ ತರ್ತೀನಿ."

"ನೆವಿಲ್, ಬೇಡ..."

ಅವನು ಆಗಲೇ ಮಂಡಿ ಮಡಚಿ, ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ಇಡೀ ಮೈಯಿಂದ ಎತ್ತಿದ್ದ. ಪೆಟ್ಟಿಗೆ ದಿಂಬಿನ ಹಾಗೆ ಮೇಲೆದ್ದು ಬಂತು. ನೆವಿಲ್ ಅದರೊಂದಿಗೇ ಹಿಂದಕ್ಕೆ ಹೋಗಿ ಹುಲ್ಲಿನ ಮೇಲೆ ಅಂಗಾತ ಬಿದ್ದ. ಎದೆಯ ಮೇಲೆ ಮೂರಂತಸ್ತೂ ನೆಟ್ಟಗೇ ನಿಂತಿದ್ದವು.

ಬೆರಳಿನಿಂದ ತಟ್ಟಿದ. ಟೊಕ್ ಟೊಕ್ ಎಂದಿತು.

"ಥರ್ಮೋಕೋಲು" ಎಂದ ನೆವಿಲ್, ಆಕಾಶಕ್ಕೆ.

"ಪೇಟೆಬೀದಿ ಬೇಕರಿಯವರು ಕಿಟಕಿಯಲ್ಲಿ ಇಡೋ ಮಾದರಿ" ಎಂದಳು ಗ್ಲೆಂಡಾ. "ಬೆಥನಿ ಇದನ್ನ ನೋಡೇ ಹೀಗೇ ಬೇಕು ಅಂದಿದ್ದು. ಅಳತೆಗೆ ಅಂತ ಮನೆಗೆ ತಂದಿದ್ದೆ. ನಿನಗೆ ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ ನೆವಿಲ್. ನಿಜವಾದ್ದನ್ನ ಆಗಲೇ ಹಿತ್ತಲ ಬಾಗಿಲಿಂದ ಒಯ್ದು ರೇಮಂಡ್ ಕಾರಲ್ಲಿ ಇಟ್ಟೆ. ಅವರದು ಮೆತ್ತಗೆ ಹೋಗುತ್ತೆ, ಬೇಗ ಬಂದುಬಿಡ್ತೀನಿ ಅಂದ್ರು."

ಅದೇ ಸಮಯಕ್ಕೆ ರೇಮಂಡನ ಕಾರು ಬಂದು ನಿಂತಿತು. ಅವನು ಇಳಿದ. ತಲೆಗೂದಲಲ್ಲಿ ಕ್ರೀಮು, ಕಿವಿಯ ಹಿಂದೆ ಒಂದು ಸಕ್ಕರೆ ಗುಲಾಬಿ.

"ನಿಲ್ದಾಣ ಬರೋಕೆ ಮುಂಚೇನೇ ಇಳಿಯೋ ಪ್ರಯಾಣಿಕರು ಇರ್ತಾರಲ್ಲ" ಎಂದ ಕುಗ್ಗಿದ ದನಿಯಲ್ಲಿ. "ಹಾಗೆ ಎದ್ದು ಬಂದುಬಿಡ್ತು, ಗ್ಲೆಂಡಾ. ಮೂರೂ ಒಟ್ಟಿಗೆ."

ಗ್ಲೆಂಡಾ ಅವನ ಕಾರಿನ ಒಳಗೆ ಇಣುಕಿ ನೋಡಿ ಬಾಗಿಲು ಹಾಕಿದಳು. ಅಳಲಿಲ್ಲ, ಬೈಯಲಿಲ್ಲ. ಅಡುಗೆಯವರನ್ನು ಕರೆದು ಒಂದು ದೊಡ್ಡ ಬೋಗುಣಿ, ಎರಡು ಸೌಟು ತರಿಸಿದಳು. ಸೀಟಿಗೆ ತಾಗದೆ ಪೆಟ್ಟಿಗೆಯಲ್ಲೇ ಉಳಿದದ್ದನ್ನೆಲ್ಲ ಬಳಿದುಕೊಂಡಳು. ಫೋಟೋಕ್ಕೆ ಮದುಮಕ್ಕಳು ಥರ್ಮೋಕೋಲಿನ ಪಕ್ಕ ಚಾಕು ಹಿಡಿದು ನಿಂತರು. ಬಂದವರಿಗೆ ಬಟ್ಟಲಿನಲ್ಲಿ ಬಿಸಿ ಕಸ್ಟರ್ಡಿನ ಅಡಿಯಲ್ಲಿ ಕೇಕು ಬಂತು. ಜನ ಎರಡೆರಡು ಸಲ ಹಾಕಿಸಿಕೊಂಡರು. ಇದನ್ನು ಏನಂತ ಕರೆಯುತ್ತಾರೆ ಎಂದು ವರನ ತಾಯಿ ಕೇಳಿದ್ದಕ್ಕೆ ಡೋರೀನ್, "ರೇಮಂಡ್" ಎಂದಳು.

ನೆವಿಲ್ ಹಾಲ್‌ನ ಹೊರಗೆ ಕಾರಿಗೆ ಒರಗಿ ನಿಂತಿದ್ದ. ಸಂಜೆಗೆ ಗ್ಲೆಂಡಾ ಬಿಳಿ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಂದಳು.

"ನಂಗೆ ಮೊದ್ಲೇ ಹೇಳಬಾರದಿತ್ತಾ?" ಎಂದ.

"ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು."

"ಈಗ?"

"ಈಗ ನಂಗಾಗಿದೆ." ಪೆಟ್ಟಿಗೆಯನ್ನು ಅವನ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. "ಸೋಮವಾರ ಬೇಕರಿಗೆ ವಾಪಸ್ ಕೊಡಬೇಕು ಇದನ್ನ. ಒಂದು ಎಸಳು ಮುರೀಬಾರದು. ನಿಧಾನಕ್ಕೆ ತಗೊಂಡು ಹೋಗು."

"ಮತ್ತೆ ನೀನು? ಇಲ್ಲಿ ಜಾಗಾನೇ ಇಲ್ವಲ್ಲ."

"ರೇಮಂಡ್ ಜೊತೆ ಬರ್ತೀನಿ."

"ಅಲ್ಲ ಕಣೇ, ಅವನ ಸೀಟಿನ ತುಂಬಾ ಕ್ರೀಮು, ಜ್ಯಾಮು."

"ಇರ್ಲಿ ಬಿಡು" ಎಂದಳು ಗ್ಲೆಂಡಾ. "ಮೆತ್ತಗಾದ್ರೂ ಇರುತ್ತೆ."